ಅಣ್ಣನ ಅಕ್ಷರ

ಆ ಚೀಟಿಯನ್ನು ನಮ್ಮ ಮನೆಯ ಗೇಟಿನ ಸರಳುಗಳ ನಡುವೆ ಯಾರೋ ಸಿಕ್ಕಿಸಿ ಹೋಗಿದ್ದರು. ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ಎತ್ತಿಕೊಳ್ಳಲು ಹೋದವಳು ಯಾವುದೋ ಯೋಗ ತರಗತಿಯವರ ಕರಪತ್ರ ಇರಬೇಕು ಅಂದುಕೊಂಡೆ. ಬಿಡಿಸಿ ನೋಡಿದರೆ ಕೈಬರಹ. ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿಸಿದ್ದರು.

"ನಮ್ಮ ಹೆಣ್ಣುಮಕ್ಕಳ ಅಳತೆ ಅವರ ಕೈಗೆ ಏಕೆ? ನಮ್ಮವರಲ್ಲಿ ಹೊಲಿಯುವವರು ಇಲ್ಲವೆ? ಇಂದೇ ಯೋಚಿಸಿ. ಇತಿ, ಬಡಾವಣೆಯ ಹಿತೈಷಿಗಳು."

ಯಾರ ಹೆಸರನ್ನೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇರುವುದು ಒಂದೇ. ಅದನ್ನು ನಡೆಸುವವರು ಮುಸಲ್ಮಾನರು, ನನ್ನ ವಯಸ್ಸಿನವರೇ. ಇಡೀ ರಸ್ತೆ ಅವರನ್ನು ಮಾಸ್ಟರ್ ಎಂದೇ ಕರೆಯುತ್ತದೆ. ಮೂವತ್ತು ವರ್ಷಗಳಿಂದ ನಮ್ಮೆಲ್ಲರ ರವಿಕೆಗಳನ್ನು ಹೊಲಿದವರು ಅವರು. ಇನ್ನು ಅಳತೆಯ ಮಾತಿಗೆ ಬಂದರೆ, ಅವರು ಯಾರ ಮೈಗೂ ಟೇಪು ಹಿಡಿದವರಲ್ಲ. ನಾವು ಹಳೆಯ ಬ್ಲೌಸ್ ಒಂದನ್ನು ಅಳತೆಗೆಂದು ಕೊಟ್ಟು ಬರುತ್ತೇವೆ. ಅವರು ಅದನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿಕೊಳ್ಳುತ್ತಾರೆ, ಅಷ್ಟೆ.

ಆದರೆ ನಾನು ಗೇಟಿನ ಬಳಿ ನಿಂತು ಮೊದಲು ಯೋಚಿಸಿದ್ದು ಇದನ್ನಲ್ಲ. ನಾನು ಮೂವತ್ತೊಂದು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವಳು. ಕಾಗದ ಕೈಗೆ ಬಂದರೆ ನನ್ನ ಕಣ್ಣಿಗೆ ಅರ್ಥಕ್ಕಿಂತ ಮುಂಚೆ ಅಕ್ಷರ ಕಾಣುತ್ತದೆ. ಆ ನಾಲ್ಕು ಸಾಲಿನಲ್ಲಿ ಮೂರು ಕಡೆ 'ಳ' ಇತ್ತು. ಮೂರರಲ್ಲೂ ಕೊನೆಯ ಸುಳಿ ಒಳಗೆ ಮುಚ್ಚಿಕೊಳ್ಳದೆ, ಬಾಯಿ ತೆರೆದಂತೆ ಸ್ವಲ್ಪ ಮೇಲಕ್ಕೆ ಎದ್ದು ನಿಂತಿತ್ತು. ಸಾಲುಗಳು ಅಡಿಕೋಲು ಇಟ್ಟಷ್ಟು ನೇರವಾಗಿದ್ದವು.

ಅಂಥ 'ಳ' ಬರೆಯುವವನು ನನಗೆ ಗೊತ್ತಿರುವಂತೆ ಈ ಊರಿನಲ್ಲಿ ಒಬ್ಬನೇ. ಅವನು ಮಹಡಿಯ ಮೇಲೆ ಮುಖ ಕ್ಷೌರ ಮಾಡಿಕೊಳ್ಳುತ್ತಿದ್ದ. ನನ್ನ ಅಣ್ಣ.

ಅಣ್ಣ ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬಿಡಿಸುವ ಕೆಲಸದಲ್ಲಿದ್ದು ನಿವೃತ್ತನಾದವನು. ಕಂಪ್ಯೂಟರ್ ಬರುವ ಮುಂಚಿನ ಕಾಲದಲ್ಲಿ ನಕ್ಷೆಯ ಮೇಲೆ ಅಕ್ಷರ ಬರೆಯುವುದೇ ಒಂದು ವಿದ್ಯೆ. ಆ ವಿದ್ಯೆಯಲ್ಲಿ ಅವನಿಗೆ ಹೆಸರಿತ್ತು. ಗಣೇಶನ ಹಬ್ಬದ ಬ್ಯಾನರು, ಮದುವೆ ಮನೆಯ ಫಲಕ, ಮನೆಗಳ ಹೆಸರು, ಎಲ್ಲವನ್ನೂ ಕೇಳಿದವರಿಗೆಲ್ಲ ಬರೆದುಕೊಡುತ್ತಿದ್ದ. ನನ್ನ ಗಂಡ ತೀರಿಕೊಂಡ ಮೇಲೆ ನಾನು ಅಣ್ಣನ ಮನೆಯ ಕೆಳಗಿನ ಭಾಗಕ್ಕೆ ಬಂದೆ. ಎರಡು ವರ್ಷದ ಹಿಂದೆ ಅತ್ತಿಗೆಯೂ ಹೋದಳು. ಈಗ ಎಪ್ಪತ್ನಾಲ್ಕರ ಅವನು ಮೇಲೆ, ಅರವತ್ತೊಂಬತ್ತರ ನಾನು ಕೆಳಗೆ. ಅಡುಗೆ ನನ್ನದು. ಊಟದ ಹೊತ್ತಿಗೆ ಅವನು ಇಳಿದು ಬರುತ್ತಾನೆ.

ಅವತ್ತು ತಿಂಡಿಗೆ ಬಂದಾಗ ಚೀಟಿಯನ್ನು ಅವನ ತಟ್ಟೆಯ ಪಕ್ಕ ಇಟ್ಟೆ.

"ಗೇಟಲ್ಲಿ ಸಿಕ್ಕಿಸಿದ್ರು," ಅಂದೆ.

ಅವನು ಅದರ ಕಡೆ ಒಮ್ಮೆ ನೋಡಿ ಉಪ್ಪಿಟ್ಟಿಗೆ ಕೈ ಹಾಕಿದ. "ಯಾರೋ ಬರ್ದಿರ್ತಾರೆ ಬಿಡು. ಮಾಸ್ಟರ್ ವಿಷ್ಯ ನಮಗ್ಯಾಕೆ."

ಅವನ ಕನ್ನಡಕ ಮಹಡಿಯ ಮೇಲೇ ಇತ್ತು. ಅದಿಲ್ಲದೆ ಅವನಿಗೆ ಮಾತ್ರೆಯ ಹೆಸರು ಓದಲು ಬರುವುದಿಲ್ಲ, ನಾನೇ ಓದಿ ಹೇಳಬೇಕು. ಚೀಟಿಯಲ್ಲಿ ಮಾಸ್ಟರ್ ಎಂಬ ಪದವೂ ಇರಲಿಲ್ಲ. ನಾನು ಚೀಟಿ ಮಡಚಿ ತೊಗರಿಬೇಳೆಯ ಡಬ್ಬದ ಕೆಳಗೆ ಇಟ್ಟೆ.

ಸತ್ಯವಾಗಿ ಹೇಳಬೇಕೆಂದರೆ, ಆಮೇಲಿನ ಕೆಲವು ದಿನ ನಾನು ಬೇರೆ ಯಾರನ್ನಾದರೂ ಅನುಮಾನಿಸಲು ಬಹಳ ಪ್ರಯತ್ನಪಟ್ಟೆ. ಪಕ್ಕದ ರಸ್ತೆಯಲ್ಲಿ ಹೊಸದಾಗಿ ತೆರೆದ ಬಟ್ಟೆ ಅಂಗಡಿಯವರಿರಬಹುದು. ಅಣ್ಣನ ಅಕ್ಷರವನ್ನು ಯಾರೋ ನಕಲು ಮಾಡಿರಬಹುದು. ಎದುರುಮನೆಯವರ ಮೇಲಂತೂ ನನಗೆ ಗುಮಾನಿ ಜೋರಾಗಿಯೇ ಇತ್ತು. ಅವರು ಮಂಡ್ಯದ ಕಡೆಯ ಹಳ್ಳಿಯಿಂದ ಬಂದು ಇಲ್ಲಿ ಸೈಟು, ಮನೆ ಕೊಡಿಸುವ ವ್ಯವಹಾರದಲ್ಲಿ ಮೇಲೆ ಬಂದವರು. ಆ ಯಜಮಾನರು ಬೆಳಿಗ್ಗೆ ಪಾರ್ಕಿನಲ್ಲಿ ನಡೆಯುವ ಗುಂಪಿನಲ್ಲಿ ದೊಡ್ಡ ದನಿಯವರು. ಅಣ್ಣನೂ ಅದೇ ಗುಂಪಿನಲ್ಲಿ ನಡೆಯುತ್ತಿದ್ದ.

ಅಲ್ಲಿಗೆ ಬಂದರೆ ನನ್ನ ಯೋಚನೆ ಮತ್ತೆ ಮಹಡಿ ಹತ್ತುತ್ತಿತ್ತು. ಅತ್ತಿಗೆ ಹೋದ ಮೇಲೆ ವರ್ಷಕ್ಕೂ ಹೆಚ್ಚು ಕಾಲ ಗಡ್ಡ ಬಿಟ್ಟುಕೊಂಡು ಒಂದೇ ಪಂಚೆಯಲ್ಲಿ ಕೂತಿರುತ್ತಿದ್ದವನು ಈಚೆಗೆ ದಿನಾ ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡುತ್ತಿದ್ದ. ಆಗ ನನಗೆ ಎಷ್ಟು ಸಮಾಧಾನವಾಗಿತ್ತು! ಈಗ ಆ ಇಸ್ತ್ರಿ ಅಂಗಿಯೇ ಸಾಕ್ಷಿಯಂತೆ ಕಾಣತೊಡಗಿತು. ಫೋನಿನಲ್ಲಿ ಮಾತಾಡುವಾಗ ನಾನು ಮೆಟ್ಟಿಲು ಹತ್ತಿದರೆ ಅವನ ದನಿ ಇಳಿಯುತ್ತಿತ್ತು. ಮುಂಚೆಯೂ ಇಳಿಯುತ್ತಿತ್ತೋ ಏನೋ, ನಾನು ಗಮನಿಸಿರಲಿಲ್ಲ. ಬಾಗಿಲು ಸ್ವಲ್ಪ ಹೆಚ್ಚು ಹೊತ್ತು ಮುಚ್ಚಿದ್ದರೆ ಕೆಳಗೆ ನಿಂತು ಕಿವಿಗೊಡುತ್ತಿದ್ದೆ. ಸ್ವಂತ ಅಣ್ಣನ ಮೇಲೆ ಕಣ್ಣಿಡುವುದು ಎಂಥ ನೀಚ ಕೆಲಸ ಅನ್ನಿಸುತ್ತಿತ್ತು, ಮರುಕ್ಷಣವೇ ಮತ್ತೆ ಕಿವಿಗೊಡುತ್ತಿದ್ದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಣ್ಣನ ಮಗಳ ಮನೆಯಲ್ಲಿ ಉಪನಯನವಿತ್ತು, ಅದಕ್ಕೆಂದು ಎರಡು ಬ್ಲೌಸ್ ಪೀಸು ಚೀಲದಲ್ಲಿ ಹಾಕಿ ಇಟ್ಟಿದ್ದೆ. ಚೀಟಿ ಬಂದ ದಿನವೇ ಮಾಸ್ಟರ್‌ಗೆ ಕೊಡಬೇಕಿತ್ತು. ಕೊಡಲಿಲ್ಲ. ಬಿಸಿಲು, ಮಂಡಿನೋವು, ನಾಳೆ ನೋಡೋಣ ಅಂತ ನನಗೆ ನಾನೇ ಹೇಳಿಕೊಂಡೆ. ತರಕಾರಿಗೆ ಹೋಗುವಾಗ ಎದುರು ಬದಿಯ ಫುಟ್‌ಪಾತಿನಲ್ಲಿ ಹೋದೆ. ಆ ನಾಲ್ಕು ಸಾಲು ಸುಳ್ಳು ಎಂದು ಗೊತ್ತಿದ್ದವಳ ಕಾಲೂ ಆ ಕಡೆ ಹೋಗಲಿಲ್ಲ. ಯಾರಾದರೂ ನೋಡಿದರೆ ಏನಂದುಕೊಳ್ಳುತ್ತಾರೋ ಎಂಬ ಭಯ ಅಷ್ಟೇ ಅಂದುಕೊಂಡೆ. ಚೀಟಿ ಬರೆಸಿದವರಿಗೂ ಬೇಕಾಗಿದ್ದದ್ದು ಅಷ್ಟೇ. ದೂರದಿಂದ ನೋಡಿದಾಗ ಅಂಗಡಿಯಲ್ಲಿ ಮಾಸ್ಟರ್ ಒಬ್ಬರೇ ಕೂತಿದ್ದರು. ಮಷೀನು ನಿಂತಿತ್ತು.

ಹತ್ತನೆಯ ದಿನ ಅಣ್ಣ ಪಾರ್ಕಿಗೆ ಹೋದ ಮೇಲೆ ನಾನು ಅವನ ಕೋಣೆಗೆ ಹೋದೆ. ಕಸ ಗುಡಿಸುವ ನೆಪವಿತ್ತು, ಪೊರಕೆ ಮಾತ್ರ ತೆಗೆದುಕೊಂಡು ಹೋಗಿರಲಿಲ್ಲ.

ಅಟ್ಟದ ಮೇಲಿದ್ದ ಡ್ರಾಯಿಂಗ್ ಬೋರ್ಡು ಕೆಳಗಿಳಿದು ಕಿಟಕಿಯ ಕೆಳಗೆ ಒರಗಿತ್ತು. ಕಪ್ಪು ಶಾಯಿಯ ಸೀಸೆ ಹೊಸದು. ಮೇಜಿನ ಖಾನೆಯಲ್ಲಿ, ಪಿಂಚಣಿ ಕಾಗದಗಳ ಅಡಿಯಲ್ಲಿ ಪೆನ್ಸಿಲ್ ಗೆರೆ ಹಾಕಿದ ಹಾಳೆಗಳಿದ್ದವು. ಒಂದರಲ್ಲಿ ಬರೀ 'ಳ' ಬರೆದಿದ್ದ. ಸಾಲುಸಾಲಾಗಿ ನಲವತ್ತೋ ಐವತ್ತೋ. ಎಷ್ಟೋ ವರ್ಷದ ಮೇಲೆ ಪೆನ್ನು ಹಿಡಿದವನಿಗೆ ಕೈ ನಡುಗಿರಬೇಕು. ಮೊದಲ ಸಾಲಿನವು ಅಂಕುಡೊಂಕಾಗಿದ್ದವು. ಕೊನೆಯ ಸಾಲಿನ ಹೊತ್ತಿಗೆ ಅವನ ಹಳೆಯ ಕೈ ಮರಳಿ ಬಂದಿತ್ತು. ಇನ್ನೊಂದು ಹಾಳೆಯಲ್ಲಿ ಆ ನಾಲ್ಕು ಸಾಲು.

ಸುಮ್ಮನೆ ಇಳಿದು ಬರಬೇಕಿತ್ತು. ಬೀರುವನ್ನೂ ತೆರೆದೆ. ಇನ್ನೂ ಏನು ಹುಡುಕುತ್ತಿದ್ದೆನೋ ಗೊತ್ತಿಲ್ಲ. ಒಳಗೆ ಅತ್ತಿಗೆಯ ಸೀರೆಗಳು ಹಾಗೇ ಇದ್ದವು, ಅವುಗಳ ಪಕ್ಕ ಅವಳ ಬ್ಲೌಸುಗಳು. ತಿಳಿನೀಲಿಯದೊಂದನ್ನು ಕೈಗೆತ್ತಿಕೊಂಡು ಅಲ್ಲೇ ಮಂಚದ ಮೇಲೆ ಕೂತುಬಿಟ್ಟೆ.

ಐದು ವರ್ಷದ ಹಿಂದೆ ಅತ್ತಿಗೆಗೆ ಎದೆಯ ಆಪರೇಷನ್ ಆಗಿತ್ತು. ಒಂದು ಕಡೆಯದನ್ನು ಪೂರ್ತಿ ತೆಗೆದಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಮನೆಯ ಹೊಸಿಲು ದಾಟಲಿಲ್ಲ. ಹಳೆಯ ಬ್ಲೌಸು ಯಾವುದೂ ಮೈಗೆ ಕೂರುತ್ತಿರಲಿಲ್ಲ. ಸೆರಗನ್ನು ಎರಡೂ ಹೆಗಲ ಮೇಲೆ ಹೊದ್ದುಕೊಂಡು ಅಡುಗೆಮನೆಯಲ್ಲೇ ಇರುತ್ತಿದ್ದಳು. ಒಂದು ಮಧ್ಯಾಹ್ನ ಅಣ್ಣನೇ ಮಾಸ್ಟರ್ ಅಂಗಡಿಗೆ ಹೋಗಿ ಏನೋ ಹೇಳಿ ಬಂದ. ಸಾಯಂಕಾಲ ಮಾಸ್ಟರ ಹೆಂಡತಿ ನಮ್ಮ ಮನೆಗೆ ಬಂದರು. ಕೋಣೆಯ ಬಾಗಿಲು ಹಾಕಿಕೊಂಡು ಅತ್ತಿಗೆಯ ಜೊತೆ ಒಂದು ಗಂಟೆ ಇದ್ದರು. ವಾರದ ಮೇಲೆ ನಾಲ್ಕು ಬ್ಲೌಸು ಬಂದವು. ಒಳಗೆ ಒಂದು ಬದಿಗೆ ಹತ್ತಿ ತುಂಬಿದ ಮೆತ್ತನೆಯ ಪದರ. ತೋಳು ಮೇಲೆತ್ತಲು ಆಗದವಳಿಗೆಂದು ಕಂಕುಳ ಹತ್ತಿರ ಅಗಲದ ಪಟ್ಟಿ. ಔಷಧಿಯಿಂದ ಬೆರಳು ಜೋಮು ಹಿಡಿದಿದ್ದಕ್ಕೆ ಹುಕ್ಕಿನ ಬದಲು ಒತ್ತಿದರೆ ಕೂರುವ ಬಟನ್ನುಗಳು. ಬಟನ್ನಿನ ಮಾತನ್ನು ನಾವ್ಯಾರೂ ಹೇಳಿರಲಿಲ್ಲ, ಅವರೇ ಯೋಚಿಸಿದ್ದರು. ಮುಂದಿನ ಶುಕ್ರವಾರ ಅತ್ತಿಗೆ ಹೂ ಮುಡಿದು ದೇವಸ್ಥಾನಕ್ಕೆ ಹೊರಟಳು. ಅವಳು ಹೋಗುವುದನ್ನು ಅಣ್ಣ ಗೇಟಿನಲ್ಲಿ ನಿಂತು ರಸ್ತೆ ತಿರುಗುವವರೆಗೂ ನೋಡುತ್ತಿದ್ದ.

ಅವಳ ಮೈಯ ಅಳತೆ ಬದಲಾಗಿದ್ದು ನಮ್ಮ ಮನೆಯವರನ್ನು ಬಿಟ್ಟರೆ ಈ ರಸ್ತೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಆ ಇಬ್ಬರ ಬಾಯಿಂದ ಅದು ಯಾವತ್ತೂ ಹೊರಗೆ ಬರಲಿಲ್ಲ.

ಅವತ್ತು ಮಧ್ಯಾಹ್ನ ಬ್ಲೌಸ್ ಪೀಸುಗಳ ಚೀಲ ಹಿಡಿದು ಮಾಸ್ಟರ್ ಅಂಗಡಿಗೆ ಹೋದೆ. ಅವರು ಯಾವುದೋ ಸೀರೆಗೆ ಫಾಲ್ಸ್ ಹಚ್ಚುತ್ತಿದ್ದರು. ತಲೆಯೆತ್ತಿ ನೋಡಿದರು, ಏಳಲಿಲ್ಲ. ಮುಂಚೆಯಾದರೆ ಸ್ಟೂಲು ಒರೆಸಿ ಮುಂದಿಡುತ್ತಿದ್ದರು.

"ಏನಕ್ಕಾ, ದಾರಿ ಮರ್ತ್ಹೋಗಿತ್ತಾ?"

"ಕಾಲ್ನೋವು ಮಾಸ್ಟ್ರೇ."

"ಈ ರೋಡಲ್ಲಿ ಎಲ್ಲಾರ್ಗೂ ಒಂದೇ ಸಲ ಕಾಲ್ನೋವು ಬಂದ್ಬಿಟ್ಟಿದೆ," ಅಂದರು. ನಗಲಿಲ್ಲ. "ಪೀಸ್ ಕೊಡೋಕ್ ಬಂದ್ರಾ, ಇಲ್ಲಾ ಹೆಂಗಿದೀನಿ ಅಂತ ನೋಡ್ಕೊಂಡ್ ಹೋಗೋಕಾ?"

ಅವರ ಕಣ್ಣು ನನ್ನ ಚೀಲದ ಮೇಲೆ, ನನ್ನ ಹಿಂದಿನ ರಸ್ತೆಯ ಮೇಲೆ, ಮತ್ತೆ ನನ್ನ ಮುಖದ ಮೇಲೆ ಓಡಾಡುತ್ತಿತ್ತು. ನನ್ನನ್ನು ಯಾರೋ ಕಳಿಸಿರಬಹುದು ಎಂದು ಅವರಿಗೆ ಅನುಮಾನವಿತ್ತು. ಅಂಥ ನೋಟ ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಹತ್ತು ದಿನದಿಂದ ಅದೇ ಕಣ್ಣಿನಿಂದ ನಾನು ನನ್ನ ಅಣ್ಣನನ್ನು ನೋಡುತ್ತಿದ್ದೆ.

"ಮಾಸ್ಟ್ರೇ, ಆ ಚೀಟಿ..." ಅಂತ ಶುರು ಮಾಡಿದೆ.

ಅವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದರು. ಹೊರಗೆ ಬಂದು ಅಂಗಡಿಯ ಮೇಲಿನ ಬೋರ್ಡಿಗೆ ಬೆರಳು ತೋರಿಸಿದರು. 'ಇಲ್ಲಿ ಮಹಿಳೆಯರ ಉಡುಪುಗಳನ್ನು ಹೊಲಿದುಕೊಡಲಾಗುವುದು.' ಅಂಗಡಿ ತೆರೆದ ವರ್ಷ ಅಣ್ಣನೇ ಬರೆದುಕೊಟ್ಟದ್ದು. ದಿನಾ ಅದರ ಕೆಳಗೆ ಓಡಾಡುವ ನನಗೆ ಅದು ನೆನಪಿಗೇ ಬಂದಿರಲಿಲ್ಲ.

"ಮೂವತ್ತು ವರ್ಷದಿಂದ ಈ ಬೋರ್ಡ್ ಕೆಳಗೆ ಕೂತಿದೀನಿ ಅಕ್ಕಾ. ಚೀಟಿ ನೋಡಿದ್ ತಕ್ಷಣ ಗೊತ್ತಾಯ್ತು. ಮನೇಲಿ ಹೇಳಿಲ್ಲ. ಹೇಳಿದ್ರೆ ನನ್ ಹೆಂಡ್ತಿ ನಿಮ್ಮ ಅತ್ಗೇನ ಜ್ಞಾಪಕ ಮಾಡ್ಕೊಂಡು ಅಳ್ತಾಳೆ."

ನಾನು ಬೋರ್ಡಿನ ಬಾಯಿ ತೆರೆದ 'ಳ'ಗಳನ್ನೇ ನೋಡುತ್ತಿದ್ದೆ.

"ನಿಮ್ಗೂ ಗೊತ್ತಿತ್ತು. ಅಲ್ವಾ?"

"ಗೊತ್ತಿತ್ತು."

"ಯಾವತ್ತಿಂದ?"

"ಚೀಟಿ ಬಂದ ದಿನದಿಂದ."

"ಹತ್ತು ದಿನ," ಅಂದರು ಮಾಸ್ಟರ್. ಒಳಗೆ ಹೋಗಿ ಮತ್ತೆ ಸೂಜಿ ಹಿಡಿದರು. ನಾನು ಬಿಸಿಲಲ್ಲೇ ನಿಂತಿದ್ದೆ. ಹೊಲಿಯುತ್ತಾ ತಲೆಯೆತ್ತದೆಯೇ ಹೇಳಿದರು. ಭಾನುವಾರ ಬೆಳಿಗ್ಗೆ ಪಾರ್ಕಿನ ಗುಂಪಿನವರು ಅಂಗಡಿ ಇರುವ ಕಟ್ಟಡದ ಯಜಮಾನರನ್ನು ಕರೆದುಕೊಂಡು ಬರುತ್ತಾರಂತೆ. ರಸ್ತೆಯವರಿಗೆಲ್ಲ ಬೇಡವಾಗಿದೆ, ಅಂಗಡಿ ಖಾಲಿ ಮಾಡಿಸಿ ಎಂದು ಕೇಳುತ್ತಾರಂತೆ. ಯಜಮಾನರೇ ಫೋನ್ ಮಾಡಿ ತಿಳಿಸಿದ್ದರು.

"ಪೀಸ್ ಇಟ್ಟೋಗಿ," ಅಂದರು ಕೊನೆಗೆ. "ಭಾನುವಾರದ್ ಮೇಲೆ ಅಂಗ್ಡಿ ಇದ್ರೆ ಹೊಲಿತೀನಿ."

ಸಂಜೆ ಅಣ್ಣ ಕಾಫಿಗೆ ಇಳಿದು ಬಂದಾಗ ಅತ್ತಿಗೆಯ ತಿಳಿನೀಲಿ ಬ್ಲೌಸನ್ನು ಮೇಜಿನ ಮೇಲೆ ಇಟ್ಟಿದ್ದೆ. ಅವನು ಅದನ್ನು ನೋಡಿ ನಿಂತಲ್ಲೇ ನಿಂತ.

"ಇದ್ಯಾಕೆ ಕೆಳಗೆ ಬಂತು?"

"ಅತ್ತಿಗೆ ಅಳತೆ ಯಾರ ಕೈಲಿತ್ತು ಅಣ್ಣಾ?"

"ನನ್ ರೂಮಿಗೆ ಹೋಗಿದ್ಯಾ ನೀನು?"

"ಹೋಗಿದ್ದೆ. ಖಾನೆ ತೆಗ್ದೆ, ಬೀರು ತೆಗ್ದೆ. ಎಲ್ಲಾ ನೋಡ್ದೆ."

ಅವನ ಮುಖ ಕೆಂಪಾಯಿತು. ಕಳ್ಳಿ ಅಂದ. ಈ ಮನೆಯಲ್ಲಿ ನಂಬಿಕೆ ಅನ್ನೋದೇ ಇಲ್ಲ ಅಂದ. ಕೂಗಾಡಲಿ ಎಂದು ಬಿಟ್ಟೆ. ಕುರ್ಚಿ ಎಳೆದು ಕೂತ ಮೇಲೆ ದನಿ ತಗ್ಗಿತು.

"ಮಾತು ನಂದಲ್ಲ ಕಣೇ. ಅವರು ಹೇಳಿದ್ರು, ನಾನು ಬರ್ದೆ ಅಷ್ಟೆ. ಡಿ.ಟಿ.ಪಿ. ಮಾಡ್ಸಿದ್ರೆ ಕಂಪ್ಯೂಟರ್ ಅಂಗಡಿಯೋರಿಗೆ ಗೊತ್ತಾಗುತ್ತೆ, ಜೆರಾಕ್ಸ್ ನಮ್ಮ ಆಫೀಸಲ್ಲೇ ಆಗುತ್ತೆ, ಕೈಯಲ್ಲೇ ಬರೀಬೇಕು, ನಿಮ್ಮಷ್ಟು ಚೆನ್ನಾಗಿ ಯಾರು ಬರೀತಾರೆ ಸಾರ್ ಅಂದ್ರು."

"ನಾನೂ ಮೂವತ್ತೊಂದು ವರ್ಷ ಬೇರೆಯವರ ಮಾತನ್ನೇ ತಿದ್ದಿದ್ದು ಅಣ್ಣಾ. ನನ್ನ ಕೈ ದಾಟಿ ಹೋದ ಮೇಲೆ ಅದು ನಂದಲ್ಲ ಅಂತ ಒಂದಿನಾನೂ ಹೇಳಿಲ್ಲ."

ಅವನು ಬ್ಲೌಸಿನ ಬಟನ್ನನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದ, ಬಿಡಿಸುತ್ತಿದ್ದ.

"ಅವಳು ಹೋದ್ಮೇಲೆ ಇದು ನೀವೇ ಮಾಡ್ಬೇಕು ಅಂತ ನನ್ನನ್ನ ಯಾರಾದ್ರೂ ಕೇಳಿದಾರಾ? ಎರಡು ವರ್ಷ! ನೀನು ಕೇಳಿದೀಯಾ?"

"ನಾನು ಮೂರು ಹೊತ್ತು ಅನ್ನ ಹಾಕಿದೀನಿ."

"ಹಾಕಿದೀಯ," ಅಂದ. "ಅನ್ನ ಹಾಕಿದೀಯ."

ಆ ಮಾತು ನನ್ನನ್ನು ಚುಚ್ಚಿತು. ಅವನಿಗೆ ಮಾತ್ರೆ ಕೊಟ್ಟಿದ್ದೇನೆ, ಬಟ್ಟೆ ಮಡಚಿದ್ದೇನೆ. ಒಂದು ಡಬ್ಬದ ಮೇಲೆ ಹೆಸರು ಬರೆದುಕೊಡು ಅಂತ ಕೂಡ ಕೇಳಿರಲಿಲ್ಲ. ಆದರೂ ಅದಕ್ಕೂ ಇದಕ್ಕೂ ಸಮವಾಗುವುದಿಲ್ಲ, ಹಾಗಂತ ಹೇಳಿದೆ. ಭಾನುವಾರದ ವಿಷಯ ಕೇಳಿದೆ. ಗೊತ್ತಿದೆ ಅಂದ. ನೀನೂ ಅವರ ಜೊತೆ ಹೋಗ್ತೀಯಾ ಅಂದೆ. ಕಾಫಿಯನ್ನು ಹಾಗೇ ಬಿಟ್ಟು, ಬ್ಲೌಸನ್ನು ತೆಗೆದುಕೊಂಡು ಮೇಲೆ ಹೋದ.

ಅವನ ಮಗಳಿಗೆ ಫೋನ್ ಮಾಡಿದೆ. ಅವಳು ಇರುವುದು ವೈಯಾಲಿಕಾವಲಿನಲ್ಲಿ, ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಎಲ್ಲ ಕೇಳಿಕೊಂಡು, ನಾಳೆ ಬರ್ತೀನಿ ಅಂದಳು. ಮರುದಿನ, ಶನಿವಾರ, ಬಂದವಳು ಮಹಡಿ ಹತ್ತಲಿಲ್ಲ. ಅಪ್ಪ ಮೇಲೆ ಓಡಾಡುವ ಸದ್ದು ನಮಗೆ ಕೇಳಿಸುತ್ತಿತ್ತು. ಮಗಳು ಬಂದಿದ್ದಾಳೆಂದು ಅವನಿಗೂ ಗೊತ್ತಿತ್ತು.

"ಅಪ್ಪನ ಹತ್ರ ಈಗ ಮಾತಾಡಿದ್ರೆ ಏನೇನೋ ಅಂದ್ಬಿಡ್ತೀನಿ ಅತ್ತೆ," ಅಂದಳು. "ಅದು ಆಮೇಲೆ. ನಾಳೆ ಆ ಅಂಗಡಿ ಮುಂದೆ ನಾವೆಷ್ಟು ಜನ ನಿಂತ್ಕೋಬಹುದು, ಹೇಳಿ."

ಇಬ್ಬರೂ ಮನೆಮನೆ ತಿರುಗಿದೆವು. ಒಂದೊಂದು ಬಾಗಿಲಲ್ಲೂ ಬೆಲ್ ಒತ್ತಿ ಕಾಯುವಾಗ ನನಗೆ ಒಂದೇ ಯೋಚನೆ. ಇವರು ಆ ಕಡೆಯವರೋ, ಈ ಕಡೆಯವರೋ? ಇಪ್ಪತ್ತು ವರ್ಷ ಹಬ್ಬ ಹರಿದಿನಗಳಿಗೆ ಹೋಗಿ ಬಂದ ಮನೆಗಳಲ್ಲಿ ಕೂಡ ಮುಖ ನೋಡಿ ಅಳೆದು ಮಾತಾಡಿದೆ. ಒಬ್ಬಾಕೆ ಬಾಗಿಲು ಅರ್ಧ ತೆರೆದು, ನಮಗ್ಯಾಕ್ರೀ ಬೇಕು ಅಂದಳು. ಇನ್ನೊಬ್ಬಾಕೆ ಕಿಟಕಿಯ ಪರದೆ ಸರಿಸಿ ನೋಡಿ ಬಾಗಿಲೇ ತೆರೆಯಲಿಲ್ಲ. ಬರ್ತೀನಿ ಅಂದವರನ್ನೂ ನಾನು ಪೂರ್ತಿ ನಂಬಲಿಲ್ಲ.

ಎದುರುಮನೆಗೆ ಹೋಗುವುದೇ ಬೇಡ ಅಂದೆ. ಅಷ್ಟರಲ್ಲಿ ಆ ಮನೆಯಾಕೆಯೇ ಗೇಟಿಗೆ ಬಂದಳು. "ಏನ್ರೀ ಆಂಟಿ, ಎಲ್ಲಾರ್ ಮನೇಗೂ ಹೋದ್ರಿ, ನಮ್ಮನೆ ಕಾಣ್ಲಿಲ್ವಾ?"

ತಡವರಿಸಿದೆ. ಅಣ್ಣನ ಮಗಳು ವಿಷಯ ಹೇಳಿದಳು.

"ಗೊತ್ತು ಬಿಡಿ," ಅಂದಳು ಆಕೆ. "ನಮ್ ಯಜಮಾನ್ರೇ ಅದ್ರಲ್ಲಿ ಮುಂದೆ ಇರೋದು. ಅದಕ್ಕೇ ನಾನು ಬರ್ಲೇಬೇಕು. ನಮ್ಮತ್ತೆ, ನಾನು, ನನ್ ಮಗಳು, ಮೂರ್ ಜನ ಬರ್ಕೊಳಿ."

ಅವಳ ಮಾತನ್ನೂ ನಾನು ನಂಬಲಿಲ್ಲ. ಗಂಡನಿಗೆ ಸುದ್ದಿ ಮುಟ್ಟಿಸಲು ಕೇಳುತ್ತಿದ್ದಾಳೆ ಎಂದುಕೊಂಡೇ ಮನೆಗೆ ಬಂದೆ.

ಭಾನುವಾರ ಬೆಳಿಗ್ಗೆ ಮಾಸ್ಟರ್ ಬಾಗಿಲು ತೆರೆಯುವ ಹೊತ್ತಿಗೆ ನಾವು ಒಂಬತ್ತು ಹೆಂಗಸರಿದ್ದೆವು. ಎದುರುಮನೆಯ ಮೂವರೂ ಎಲ್ಲರಿಗಿಂತ ಮುಂಚೆ ಬಂದು ನಿಂತಿದ್ದರು. ಆಕೆಯ ಅತ್ತೆಗೆ ನಡೆಯಲು ಆಗುವುದಿಲ್ಲ, ಪ್ಲಾಸ್ಟಿಕ್ ಕುರ್ಚಿ ತಂದು ಬಾಗಿಲ ಮುಂದೆಯೇ ಕೂರಿಸಿದ್ದಳು. ಎಲ್ಲರ ಕೈಯಲ್ಲೂ ಒಂದೊಂದು ಚೀಲ, ಒಳಗೆ ಬ್ಲೌಸ್ ಪೀಸು, ಅಳತೆ ಬ್ಲೌಸು. ಮಾಸ್ಟರ್ ನಮ್ಮನ್ನೆಲ್ಲ ನೋಡಿ ಬೆಚ್ಚಿದರು. ಜಗಳಕ್ಕೆ ಬಂದಿದ್ದೇವೆ ಎಂದೇ ತಿಳಿದರಂತೆ. ಅಣ್ಣನ ಮಗಳು ಹತ್ತಿರ ಹೋಗಿ, ನಾನು ಇಂಥವರ ಮಗಳು ಎಂದು ತನ್ನ ಅಮ್ಮನ ಹೆಸರು ಹೇಳಿದ ಮೇಲೆ ಸ್ಟೂಲನ್ನು ಹೊರಗಿಟ್ಟರು.

ಒಂಬತ್ತೂವರೆಗೆ ಅವರು ಬಂದರು. ವಾಕಿಂಗ್ ಬೂಟಿನಲ್ಲೇ ಇದ್ದ ಐದು ಜನ, ಜೊತೆಗೆ ಕಟ್ಟಡದ ಯಜಮಾನರು. ಅಣ್ಣ ಇರಲಿಲ್ಲ. ನಮ್ಮನ್ನು ನೋಡಿ ನಡಿಗೆ ನಿಧಾನವಾಯಿತು.

"ಏನಮ್ಮಾ ಇದೆಲ್ಲಾ?" ಅಂದರು ಎದುರುಮನೆಯ ಯಜಮಾನರು, ಹೆಂಡತಿಯನ್ನು ನೋಡಿ.

"ಬ್ಲೌಸ್ ಹೊಲಿಸ್ಕೊಳೋಕ್ ಬಂದಿದೀವಿ. ನೀವ್ಯಾಕ್ ಬಂದ್ರಿ?"

"ಮನೇಗ್ ನಡಿ. ಇದು ನಿಂಗರ್ಥ ಆಗಲ್ಲ."

"ನನ್ ಅಳತೆ ಬಗ್ಗೆ ರೋಡಿಗೆಲ್ಲಾ ಚೀಟಿ ಹಂಚೋಕೆ ಮುಂಚೆ ನನ್ನ ಒಂದ್ ಮಾತ್ ಕೇಳಿದ್ರಾ?" ಆಕೆಯ ದನಿ ರಸ್ತೆಯ ಕೊನೆಯವರೆಗೂ ಕೇಳಿತು. "ನಮ್ಮತ್ತೇನ ಕೇಳಿದ್ರಾ? ಇಲ್ಲೇ ಕೂತಿದಾರೆ, ಕೇಳಿ ಈಗ."

ಅತ್ತೆ ಕುರ್ಚಿಯಿಂದಲೇ ಮಗನ ಕಡೆ ನೋಡಿ, "ಯಾಕ್ಲಾ?" ಅಂದರು. ಅಷ್ಟೇ. ಆ ಮನುಷ್ಯ ಮೊಬೈಲು ತೆಗೆದು ನೋಡತೊಡಗಿದರು.

ಗುಂಪಿನಲ್ಲಿ ಇನ್ನೊಬ್ಬರು ನನ್ನ ಹತ್ತಿರ ಬಂದರು. ಮೆತ್ತಗಿನ ಮಾತಿನವರು, ನನಗೆ ಅಂಥವರನ್ನು ಕಂಡರೆ ಇನ್ನೂ ಭಯ. "ಮೇಡಂ, ನಿಮ್ಮ ಅಣ್ಣನವರೂ ನಮ್ಮ ಜೊತೆಗೇ ಇದಾರೆ. ನೋಡಿ, ಅಲ್ಲೇ ಬಂದ್ರಲ್ಲ."

ತಿರುಗಿ ನೋಡಿದೆ. ಅಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ರಸ್ತೆಯ ಆ ಬದಿಯಲ್ಲಿ ಬರುತ್ತಿದ್ದ.  ಇಷ್ಟರ ಮೇಲೂ ಹೊರಟುಬಂದನಲ್ಲ ಅನ್ನಿಸಿತು. ಮಗಳು ಅವನನ್ನು ನೋಡದೆ ಬೇರೆ ಕಡೆ ತಿರುಗಿದಳು.

"ಬನ್ನಿ ಸಾರ್, ನಿಮ್ಮ ತಂಗಿಯವರಿಗೆ ನೀವೇ ಹೇಳಿ."

ಅಣ್ಣ ರಸ್ತೆ ದಾಟಿ ಬಂದ. ನಮ್ಮ ಯಾರ ಮುಖವನ್ನೂ ನೋಡದೆ ಮಾಸ್ಟರ್ ಎದುರಿಗೆ ಹೋಗಿ ನಿಂತ.

"ಅದನ್ನ ಬರ್ದೋನು ನಾನು. ಬರೀಬಾರ್ದಿತ್ತು," ಅಂದ. "ನನ್ನ ಹೆಂಡ್ತಿ..." ಅಲ್ಲಿಗೆ ದನಿ ನಿಂತಿತು.

"ಏನಂದ್ರಿ ಸಾರ್? ಕೇಳಿಸ್ಲಿಲ್ಲ," ಅಂದರು ಮೆತ್ತಗಿನ ಮಾತಿನವರು.

ಎರಡನೆಯ ಸಲ ಹೇಳಲು ಅವನಿಂದ ಆಗಲಿಲ್ಲ.  ಹಿಂದೆ ನಿಂತಿದ್ದವರಿಗೆ ಏನೂ ಕೇಳಿಸಿರಲಿಲ್ಲ. ನನಗೆ ಕೇಳಿಸಿತ್ತು, ಮಾಸ್ಟರ್‌ಗೆ ಕೇಳಿಸಿತ್ತು. ಅವನ ಮಗಳಿಗೂ ಕೇಳಿಸಿತ್ತು.

ಕಟ್ಟಡದ ಯಜಮಾನರು ಅಷ್ಟೂ ಹೊತ್ತು ನಮ್ಮ ಚೀಲಗಳನ್ನೇ ನೋಡುತ್ತಿದ್ದರು. "ಹೆಂಗಸ್ರಿಗೆ ತೊಂದ್ರೆ ಅಂದ್ರಿ. ಹೆಂಗಸ್ರೆಲ್ಲಾ ಇಲ್ಲೇ ಕ್ಯೂ ನಿಂತಿದಾರಲ್ರೀ," ಎಂದು ಗುಂಪಿನವರಿಗೆ ಹೇಳಿ, ತಮ್ಮ ಸ್ಕೂಟರ್ ಹತ್ತಿ ಹೋಗಿಬಿಟ್ಟರು. ಉಳಿದವರು ಇನ್ನೂ ಸ್ವಲ್ಪ ಹೊತ್ತು ನಿಂತು, ನಮ್ಮನಮ್ಮಲ್ಲೇ ಒಗ್ಗಟ್ಟಿಲ್ಲ ಅಂತ ಗೊಣಗಿಕೊಂಡು ಚದುರಿದರು.

ಎಲ್ಲ ಸರಿಹೋಯಿತು ಎಂದು ನಾನು ಬರೆಯಲಾರೆ. ಅಂಗಡಿ ಉಳಿಯಿತು. ಅರ್ಧದಷ್ಟು ಗಿರಾಕಿಗಳು ಮರಳಿ ಬಂದರು, ಅರ್ಧ ಜನ ಬರಲಿಲ್ಲ. ಒಂದು ತಿಂಗಳ ಮೇಲೆ ಇನ್ನೊಂದು ಚೀಟಿ ಬಂತು, ಈ ಸಲ ಕಂಪ್ಯೂಟರ್ ಅಕ್ಷರದಲ್ಲಿ. ಅದರಲ್ಲಿ ಮೂರು ಕಾಗುಣಿತದ ತಪ್ಪುಗಳಿದ್ದವು. ಯಾರು ಮಾಡಿಸಿದ್ದೆಂದು ನನಗೆ ಗೊತ್ತಾಗಲಿಲ್ಲ. ರಸ್ತೆಯಲ್ಲಿ ಎದುರು ಬಂದವರಿಗೆಲ್ಲ ನಗುತ್ತಾ, ನೀವಾ, ನೀವಾ ಎಂದು ಮನಸ್ಸಿನಲ್ಲೇ ಕೇಳುತ್ತಿರುತ್ತೇನೆ.

ನನ್ನ ಬ್ಲೌಸುಗಳನ್ನು ಕೊಡುವಾಗ ಮಾಸ್ಟರ್ ಹೇಳಿದರು, "ಅವತ್ತು ಬಂದ್ರಿ, ಸಂತೋಷ ಅಕ್ಕಾ. ಆದ್ರೆ ಅಣ್ಣಾವ್ರನ್ನ ಈಗ್ಲೇ ಕರ್ಕೊಂಡ್ ಬರ್ಬೇಡಿ. ನಂಗಿನ್ನೂ ಆಗ್ತಿಲ್ಲ." ಬೋರ್ಡನ್ನು ಇಳಿಸಿ ಒಳಗೆ ಗೋಡೆಗೆ ತಿರುಗಿಸಿ ಇಟ್ಟಿದ್ದರು. ಅದರ ಜಾಗದಲ್ಲಿ ಬಣ್ಣಬಣ್ಣದ ಫ್ಲೆಕ್ಸು ಬಂದಿತ್ತು. ಅಂಗಡಿಯ ಬಾಗಿಲಿಗೆ ಯಾರದೇ ನೆರಳು ಬಿದ್ದರೂ ಈಗ ಅವರು ಮಷೀನು ನಿಲ್ಲಿಸಿ ಯಾರೆಂದು ನೋಡುತ್ತಾರೆ. ಮುಂಚೆ ಹಾಗೆ ಮಾಡುತ್ತಿರಲಿಲ್ಲ.

ಅಣ್ಣನ ಮಗಳು ಉಪನಯನಕ್ಕೆ ಅಪ್ಪನನ್ನು ಕರೆದಳು. ಆಹ್ವಾನ ಪತ್ರಿಕೆಯ ಲಕೋಟೆಗಳ ಮೇಲೆ ವಿಳಾಸ ಬರೆದುಕೊಡಿ ಎಂದೂ ಕೇಳಿದಳು. ಅವನು ಎರಡು ದಿನ ಕೂತು ಅಷ್ಟನ್ನೂ ಬರೆದ. ಉಪನಯನದ ದಿನ ಅವಳು ಮೊದಲಿನಂತೆ ಅಪ್ಪಾ ಅಪ್ಪಾ ಎಂದು ಅವನ ಸುತ್ತ ಓಡಾಡಲಿಲ್ಲ, ಆದರೆ ಊಟಕ್ಕೆ ಅವನ ಪಕ್ಕದಲ್ಲೇ ಕೂತಳು.

ಪಾರ್ಕಿನ ಗುಂಪು ಅವನನ್ನು ಬಿಟ್ಟಿತು. ಕೆಲವು ದಿನ ಅವನು ಹೊರಗೆ ಹೋಗಲಿಲ್ಲ, ಮತ್ತೆ ಗಡ್ಡ ಬೆಳೆಯಿತು. ಆಮೇಲೆ ಒಂದು ಬೆಳಿಗ್ಗೆ ಬೂಟು ಹಾಕಿಕೊಂಡು ಇಳಿದು ಬಂದ. ನಾನೂ ಚಪ್ಪಲಿ ಮೆಟ್ಟಿಕೊಂಡೆ. ಮಂಡಿ ನೋಯುತ್ತಿತ್ತು, ಹೋದೆ. ಈಗ ಅದು ದಿನದ ಅಭ್ಯಾಸ. ಅವನ ಫೋನು ಬಡಿದರೆ ನಾನು ಇಂದಿಗೂ ನಡಿಗೆ ನಿಧಾನ ಮಾಡಿ ಕಿವಿಗೊಡುತ್ತೇನೆ. ನಾನು ಕೇಳಿಸಿಕೊಳ್ಳುತ್ತಿದ್ದೇನೆ ಎಂದು ಅವನಿಗೂ ಗೊತ್ತು. ಬೇಕೆಂದೇ ದನಿ ಎತ್ತಿ ಮಾತಾಡುತ್ತಾನೆ.

ಮೊನ್ನೆ ಪಾರ್ಕಿನ ಎರಡನೇ ಸುತ್ತಿನಲ್ಲಿ ಹಳೆಯ ಗುಂಪಿನವರು ಎದುರಾದರು. ಮೆತ್ತಗಿನ ಮಾತಿನವರು ಕೈಯೆತ್ತಿ, "ಏನ್ ಸಾರ್, ಮರೆತೇಬಿಟ್ರಾ ನಮ್ಮನ್ನ?" ಅಂದರು. ಅಣ್ಣನ ಹೆಜ್ಜೆ ಒಂದು ಕ್ಷಣ ತಡೆಯಿತು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನು ತಲೆಯಾಡಿಸಿ ಮುಂದೆ ನಡೆದ.

ಸ್ವಲ್ಪ ದೂರ ಹೋದ ಮೇಲೆ ಕೇಳಿದ, "ನನ್ನ ಕಾಯೋಕೇ ತಾನೇ ನೀನು ದಿನಾ ಬರೋದು?"

"ಹೂಂ," ಅಂದೆ.

"ಎಷ್ಟು ದಿನ ಅಂತ ಕಾಯ್ತೀಯೇ?"

"ಕಾಲು ನಡೆಯೋವರೆಗೂ."

ಅವನು ನಕ್ಕನೋ, ಬರೀ ಉಸಿರು ಬಿಟ್ಟನೋ ಗೊತ್ತಾಗಲಿಲ್ಲ. ನನ್ನ ಮಂಡಿಗೆ ಹೊಂದುವಂತೆ ಹೆಜ್ಜೆ ಸ್ವಲ್ಪ ಸಣ್ಣದು ಮಾಡಿದ. ಇಬ್ಬರೂ ಮೂರನೇ ಸುತ್ತಿಗೆ ಹೊರಳಿದೆವು.